ಅಜ್ಜನ ದೇಶ, ಮೊಮ್ಮಗನ ಜೆರ್ಸಿ

ಕಲಬುರಗಿ ಸೀಮೆಯಲ್ಲಿ ‘ನೀವು ಎಲ್ಲಿಯವರು?’ ಎನ್ನುವುದು ಬರೀ ಮಾತಿಗೆಳೆಯುವ ಪ್ರಶ್ನೆಯಲ್ಲ. 2012ರ 98ನೇ ತಿದ್ದುಪಡಿಯ ಮೂಲಕ ಕಲಬುರಗಿಯೂ ಸೇರಿದ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿಗೆ ದಾರಿ ಮಾಡುವ 371(ಜೆ) ವಿಧಿ ಸಂವಿಧಾನಕ್ಕೆ ಸೇರಿದ ಮೇಲೆ ಈ ಪ್ರಶ್ನೆಗೆ ಮನೆಮನೆಯಲ್ಲೂ ಒಂದು ಕಾಗದದ ಉತ್ತರ ಸಿದ್ಧವಿರಬೇಕಾಗಿದೆ. ಹುಟ್ಟಿದ್ದು ಎಲ್ಲಿ, ಹೆತ್ತವರು ಎಲ್ಲಿಯವರು, ಎಷ್ಟು ವರ್ಷದ ವಾಸ ಎಂದು ಕಚೇರಿ ಕೇಳುತ್ತದೆ. ದಾಖಲೆ ಇದ್ದರೆ ಸ್ಥಳೀಯನೆಂಬ ಪ್ರಮಾಣಪತ್ರ, ಅದರಿಂದ ಮೀಸಲು ಸೀಟು, ನೌಕರಿ; ಇಲ್ಲದಿದ್ದರೆ ಇಲ್ಲ. ಕಮಲಾಪುರದ ವಿದ್ಯಾರ್ಥಿಯೊಬ್ಬ ಈ ಪ್ರಮಾಣಪತ್ರಕ್ಕೆ ಓಡಾಡುವಾಗ ಎದುರಿಸುವ ಪ್ರಶ್ನೆಗಳನ್ನೇ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿರುವ ಫಿಫಾ ಸಂಸ್ಥೆ ಫುಟ್‌ಬಾಲ್ ಆಟಗಾರರಿಗೆ ಕೇಳುತ್ತದೆ. ಫಿಫಾ ಇನ್ನೊಂದು ತಲೆಮಾರು ಹಿಂದಕ್ಕೆ ಹೋಗಿ ಅಜ್ಜ-ಅಜ್ಜಿಯ ಜನ್ಮಸ್ಥಳವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ಅಷ್ಟೇ ವ್ಯತ್ಯಾಸ.

ಆ ಹಿಂದಿನ ತಲೆಮಾರಿನ ಮೇಲೆಯೇ ಈಗ ಭಾರತೀಯ ಫುಟ್‌ಬಾಲಿನ ದೊಡ್ಡದೊಂದು ಆಸೆ ನಿಂತಿದೆ. ಎರಡು ಮೂರು ದೇಶಗಳ ಬೇರುಳ್ಳ ಹುಡುಗರು ಜಗತ್ತಿನ ಮೈದಾನಗಳಲ್ಲಿ ಮೇಲೇಳುತ್ತಿರುವ ಕಾಲವಿದು. ಅವರಲ್ಲಿ ಭಾರತದ ಬೇರು ಇರುವ ನಾಲ್ಕಾರು ಮಂದಿಯನ್ನು ಕರೆತಂದರೆ ನಮ್ಮ ತಂಡ ಎದ್ದು ನಿಂತೀತು ಎಂಬ ಮಾತು ಫೆಡರೇಷನ್ ಸಭೆಯಿಂದ ಚಹಾದಂಗಡಿಯವರೆಗೂ ಕೇಳಿಸುತ್ತಿದೆ. ಈ ಆಸೆಗೆ ಎಷ್ಟು ಆಧಾರವಿದೆ?

ಮೊದಲು ನಿಯಮ. ಯಾವ ದೇಶಕ್ಕೆ ಆಡಬೇಕೋ ಆ ದೇಶದ ಪೌರತ್ವ ಬೇಕೇ ಬೇಕು. ಹೊಸದಾಗಿ ಪೌರತ್ವ ಪಡೆದವನಾದರೆ ಅವನು ಅಲ್ಲಿ ಹುಟ್ಟಿರಬೇಕು. ಇಲ್ಲವೇ ತಂದೆ-ತಾಯಿ, ಅಜ್ಜ-ಅಜ್ಜಿಯರಲ್ಲಿ ಯಾರಾದರೊಬ್ಬರು ಅಲ್ಲಿ ಹುಟ್ಟಿರಬೇಕು. ಅದೂ ಇಲ್ಲವೆಂದರೆ ಅಲ್ಲಿ ವಾಸವಿದ್ದಿರಬೇಕು, 18 ದಾಟಿದವರಿಗೆ ಇದು ಐದು ವರ್ಷ. ಒಂದು ದೇಶದ ಹಿರಿಯರ ತಂಡದಲ್ಲಿ ಅಧಿಕೃತ ಸ್ಪರ್ಧೆಯ ಪಂದ್ಯ ಆಡಿದವನಿಗೆ ಹಿಂದೆ ಇನ್ನೊಂದು ದೇಶದ ಬಾಗಿಲು ಮುಚ್ಚಿಯೇ ಹೋಗುತ್ತಿತ್ತು. 2020ರಲ್ಲಿ ಫಿಫಾ ಇದನ್ನು ಸಡಿಲಿಸಿತು. ಅಂಥ ಪಂದ್ಯ ಆಡಿದ್ದು 21 ತುಂಬುವ ಮೊದಲಾಗಿದ್ದು, ಸೌಹಾರ್ದ ಪಂದ್ಯಗಳೂ ಸೇರಿ ಹಿರಿಯರ ತಂಡಕ್ಕೆ ಮೂರಕ್ಕಿಂತ ಹೆಚ್ಚು ಪಂದ್ಯ ಆಡಿರದಿದ್ದರೆ, ಮೂರು ವರ್ಷ ಕಳೆದ ಬಳಿಕ ಕೆಲವು ಷರತ್ತುಗಳ ಮೇಲೆ ದೇಶ ಬದಲಿಸಬಹುದು. ಬರೀ ಸೌಹಾರ್ದ ಪಂದ್ಯಗಳು ಯಾರನ್ನೂ ಕಟ್ಟಿಹಾಕುವುದಿಲ್ಲ.

ಈ ಕೊನೆಯ ಸಾಲಿನಿಂದಲೇ ಕರ್ನಾಟಕದ ಕ್ಲಬ್ಬೊಂದರ ಆಟಗಾರ ಭಾರತೀಯನಾದ. ರಯಾನ್ ವಿಲಿಯಮ್ಸ್ ಹುಟ್ಟಿದ್ದು 1993ರ ಅಕ್ಟೋಬರ್ 28ರಂದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ತಂದೆ ಇಂಗ್ಲೆಂಡಿನವರು, ತಾಯಿ ಮುಂಬೈಯ ಆಂಗ್ಲೋ-ಇಂಡಿಯನ್ ಕುಟುಂಬದವರು. ತಾಯಿಯ ತಂದೆ ಲಿಂಕನ್ ಗ್ರೋಸ್ಟೇಟ್ 1950ರ ದಶಕದಲ್ಲಿ ಬಾಂಬೆ ತಂಡಕ್ಕಾಗಿ ಸಂತೋಷ್ ಟ್ರೋಫಿ ಆಡಿದವರು. ರಯಾನ್ ಹದಿಹರೆಯದಲ್ಲೇ ಇಂಗ್ಲೆಂಡಿಗೆ ಹೋಗಿ ಪೋರ್ಟ್ಸ್‌ಮತ್ ಕ್ಲಬ್ಬಿನ ಮೊದಲ ತಂಡಕ್ಕೆ ಬಂದ. 18ರ ವಯಸ್ಸಿನಲ್ಲಿ, 2012ರ ಜನವರಿಯಲ್ಲಿ, ಪ್ರೀಮಿಯರ್ ಲೀಗಿನ ಫುಲಂ ಅವನನ್ನು ಕರೆದುಕೊಂಡಿತು. ಮುಂದೆ ಬಾರ್ನ್‌ಸ್ಲಿ, ರಾದರಂ, ಮತ್ತೆ ಪೋರ್ಟ್ಸ್‌ಮತ್ ಹೀಗೆ ಕೆಳಗಿನ ಹಂತದ ಲೀಗುಗಳಲ್ಲಿ ಸುತ್ತಾಟ. ಆಸ್ಟ್ರೇಲಿಯಾದ ಹಿರಿಯರ ತಂಡಕ್ಕೆ ಆಡಿದ್ದು ಒಂದೇ ಪಂದ್ಯ, 2019ರ ಜೂನ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ. ಅದು ಸೌಹಾರ್ದ ಪಂದ್ಯವಾಗಿದ್ದರಿಂದ ಬಾಗಿಲು ತೆರೆದೇ ಇತ್ತು. ಅವನ ಅವಳಿ ಸಹೋದರ ಆರಿನ್ ಕೂಡ ಮಣಿಪುರದ ನೆರೊಕಾ ಕ್ಲಬ್ಬಿಗೆ ಆಡಿಹೋದವನು.

2023ರಲ್ಲಿ ರಯಾನ್ ಬೆಂಗಳೂರು ಎಫ್‌ಸಿ ಸೇರಿದ. ಕಂಠೀರವ ಕ್ರೀಡಾಂಗಣದ ಪ್ರೇಕ್ಷಕರಿಗೆ ಅವನ ಓಟ ಬೇಗ ಹಿಡಿಸಿತು. ಅಂಚಿನಲ್ಲಿ ಚೆಂಡು ಸಿಕ್ಕರೆ ಎದುರಾಳಿಯ ಬೆನ್ನಿಗೇ ಹೋಗುವ, ಚೆಂಡು ಕಳೆದುಕೊಂಡರೆ ಅಷ್ಟೇ ಹುರುಪಿನಿಂದ ಹಿಂದಕ್ಕೆ ಓಡುವ ಆಟಗಾರ. 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತದಲ್ಲಿ ನಡೆದ ಐಎಸ್‌ಎಲ್ ಫೈನಲ್‌ನಲ್ಲಿ ಬೆಂಗಳೂರು ಹೆಚ್ಚುವರಿ ಸಮಯದಲ್ಲಿ ಮೋಹನ್ ಬಾಗಾನ್‌ಗೆ 1-2ರಿಂದ ಸೋತಿತು. ಅದೇ ವರ್ಷ ನವೆಂಬರ್‌ನಲ್ಲಿ ಅವನು ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆದ. ಬೆಂಗಳೂರಿನಲ್ಲಿ ಅದನ್ನು ಅವನ ಕೈಗಿತ್ತವರು ಸಹ ಆಟಗಾರ ಸುನಿಲ್ ಚೆಟ್ರಿ. ಪಾಸ್‌ಪೋರ್ಟ್ ಬಂದರೂ ಆಸ್ಟ್ರೇಲಿಯಾ ಫೆಡರೇಷನ್ನಿನ ನಿರಾಕ್ಷೇಪಣಾ ಪತ್ರ ಸಕಾಲಕ್ಕೆ ಬರಲಿಲ್ಲ. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶದ ವಿರುದ್ಧ ಭಾರತ ಆಡಿದಾಗ ಅವನು ಕಣದಲ್ಲಿರಲಿಲ್ಲ. ಫಿಫಾ ಒಪ್ಪಿಗೆ ಬಂದದ್ದು ಪಂದ್ಯ ಮುಗಿದ ಮೇಲೆ. ಕಾಗದಪತ್ರದ ವಿಷಯದಲ್ಲಿ ತಾಲ್ಲೂಕು ಕಚೇರಿಗೂ ಅಂತರರಾಷ್ಟ್ರೀಯ ಸಂಸ್ಥೆಗಳಿಗೂ ಹೆಚ್ಚಿನ ಅಂತರವಿಲ್ಲ.

ಅವನಿಗೆ ಮೊದಲು ಈ ದಾರಿ ತುಳಿದವನು ಇಜುಮಿ ಅರಾಟಾ. ತಂದೆ ಗುಜರಾತಿ, ತಾಯಿ ಜಪಾನಿ. ಹುಟ್ಟಿದ್ದು 1982ರಲ್ಲಿ ಜಪಾನಿನ ಶಿಮೊನೊಸೆಕಿಯಲ್ಲಿ. 2006ರಲ್ಲಿ ಈಸ್ಟ್ ಬೆಂಗಾಲ್‌ಗೆಂದು ಬಂದವನು ಮಹೀಂದ್ರ ಯುನೈಟೆಡ್, ಪುಣೆ ಎಫ್‌ಸಿಗಳಲ್ಲಿ ನೆಲೆನಿಂತ. 2012ರಲ್ಲಿ ಭಾರತದ ಪೌರತ್ವ ಪಡೆದು, 2013ರ ಫೆಬ್ರವರಿಯಲ್ಲಿ ಕೊಚ್ಚಿಯಲ್ಲಿ ಪ್ಯಾಲೆಸ್ಟೀನ್ ವಿರುದ್ಧ ಭಾರತದ ಜೆರ್ಸಿ ತೊಟ್ಟ. ಒಟ್ಟು ಆಡಿದ್ದು ಹತ್ತಕ್ಕೂ ಕಡಿಮೆ ಪಂದ್ಯ.

ಅರಾಟಾ ಆಗ 30ರವನು. ರಯಾನ್ 32ರಲ್ಲಿ ಬಂದ. ಇಬ್ಬರ ನಿಷ್ಠೆಯ ಬಗ್ಗೆ ಎರಡು ಮಾತಿಲ್ಲ; ಆದರೆ ಇಬ್ಬರೂ ಆಟದ ಜೀವನದ ಇಳಿಜಾರಿನಲ್ಲಿ ಭಾರತೀಯರಾದವರು. ಇದು ಕಾಕತಾಳೀಯವಲ್ಲ, ಕಾನೂನಿನ ಫಲ. ಸಂವಿಧಾನದ 9ನೇ ವಿಧಿ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ವಿದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದವರು ಬಂದು ಹೋಗಬಹುದು, ದುಡಿಯಬಹುದು, ಮತ ಹಾಕುವಂತಿಲ್ಲ. ಭಾರತೀಯ ಪಾಸ್‌ಪೋರ್ಟ್ ಇರುವವರಷ್ಟೇ ದೇಶವನ್ನು ಪ್ರತಿನಿಧಿಸಬೇಕು ಎಂಬ ನೀತಿಯನ್ನು ಕೇಂದ್ರ ಕ್ರೀಡಾ ಸಚಿವಾಲಯ 2008ರಲ್ಲಿ ತಂದಿತು. ಒಸಿಐ ಕಾರ್ಡಿನ ದಾರಿಯಲ್ಲಿ ಪೌರತ್ವ ಬೇಕೆಂದರೆ ಐದು ವರ್ಷ ಕಾರ್ಡುದಾರನಾಗಿರಬೇಕು, ಅರ್ಜಿಗೆ ಮುಂಚಿನ 12 ತಿಂಗಳು ಇಲ್ಲಿ ವಾಸವಿರಬೇಕು. ಅಂದರೆ ಯುರೋಪಿನ ಒಳ್ಳೆಯ ಕ್ಲಬ್ಬಿನಲ್ಲಿ ಬೆಳೆಯುತ್ತಿರುವ 19ರ ಹುಡುಗ ಅಲ್ಲಿನ ಗುತ್ತಿಗೆ ಬಿಟ್ಟು ಇಲ್ಲಿಗೆ ಬಂದು ಕೂರಬೇಕು, ಕೊನೆಗೆ ಅಲ್ಲಿನ ಪಾಸ್‌ಪೋರ್ಟನ್ನೂ ಒಪ್ಪಿಸಬೇಕು. ಯಾವ ತಾಯಿ ಮಗನಿಗೆ ಇದನ್ನು ಹೇಳಿಯಾಳು? ತಂದೆಯ ಕಡೆಯಿಂದ ಭಾರತೀಯ ಬೇರಿದ್ದ, ನ್ಯೂಕಾಸಲ್‌ನಲ್ಲಿ ಹುಟ್ಟಿದ ಮೈಕೆಲ್ ಚೋಪ್ರಾ ಭಾರತಕ್ಕೆ ಆಡುವ ಮಾತಾಡಿದ್ದುಂಟು. ಕೊನೆಗೆ ಆಡಿದ್ದು ಕೇರಳ ಬ್ಲಾಸ್ಟರ್ಸ್‌ಗೆ ಮಾತ್ರ. ಕೋಲ್ಕತ್ತದ ಬೇರಿನ ತಾಯಿಯ ಮಗ ನೀಲ್ ಟೇಲರ್ 2016ರ ಯುರೋ ಕಪ್‌ನಲ್ಲಿ ವೇಲ್ಸ್ ಪರವಾಗಿ ರಷ್ಯಾ ವಿರುದ್ಧ ಗೋಲು ಹೊಡೆದ. ಭಾರತ ಮೂಲದ ಮಾರಿಷಸ್ ಕುಟುಂಬದ ವಿಕಾಶ್ ಧೊರಸೂ 2006ರ ವಿಶ್ವಕಪ್‌ನಲ್ಲಿ ಫ್ರಾನ್ಸ್ ತಂಡದಲ್ಲಿದ್ದ. ಪಂಜಾಬಿ ಮನೆಯ ಸರ್‌ಪ್ರೀತ್ ಸಿಂಗ್ ನ್ಯೂಜಿಲೆಂಡಿನಲ್ಲಿ ಬೆಳೆದು ಬಯರ್ನ್ ಮ್ಯೂನಿಕ್‌ನ ಮೊದಲ ತಂಡದವರೆಗೆ ಹೋದ. ಇವರಲ್ಲಿ ಯಾರೂ ನಾವು ಕಳೆದುಕೊಂಡವರಲ್ಲ; ಅವರನ್ನು ಬೆಳೆಸಿದ ದೇಶಕ್ಕೆ ಅವರು ಆಡಿದರು, ಅಷ್ಟೇ.

ನೆರೆಯ ಬಾಂಗ್ಲಾದೇಶ ಮಾತ್ರ ಬೇರೆ ಲೆಕ್ಕ ಹಾಕಿತು. ಇಂಗ್ಲೆಂಡಿನ ಲಫ್‌ಬರೋದಲ್ಲಿ ಹುಟ್ಟಿದ ಹಮ್ಜಾ ಚೌಧುರಿಯ ತಾಯಿ ಬಾಂಗ್ಲಾದೇಶಿ, ತಂದೆ ಕೆರೆಬಿಯನ್ನಿನ ಗ್ರೆನಡಾದವರು. ಲೆಸ್ಟರ್ ಸಿಟಿಯಲ್ಲಿ ಬೆಳೆದು, 2021ರಲ್ಲಿ ಎಫ್‌ಎ ಕಪ್ ಗೆದ್ದ ತಂಡದಲ್ಲಿದ್ದು, ಇಂಗ್ಲೆಂಡಿನ 21 ವರ್ಷದೊಳಗಿನವರ ತಂಡಕ್ಕೂ ಆಡಿದ ಹಮ್ಜಾ 2024ರ ಡಿಸೆಂಬರ್‌ನಲ್ಲಿ ಫಿಫಾ ಅನುಮತಿ ಪಡೆದ. ಬ್ರಿಟನ್ನಿನ ಪಾಸ್‌ಪೋರ್ಟ್ ಬಿಡಬೇಕಾಗಲಿಲ್ಲ, ಏಕೆಂದರೆ ಬಾಂಗ್ಲಾದೇಶದ ಕಾನೂನು ಅಷ್ಟು ಬಿಗಿಯಾಗಿಲ್ಲ. ಅವನ ಮೊದಲ ಪಂದ್ಯ ಭಾರತದ ವಿರುದ್ಧವೇ, 2025ರ ಮಾರ್ಚ್ 25ರಂದು ಶಿಲ್ಲಾಂಗ್‌ನಲ್ಲಿ. ಅದು 0-0 ಆಯಿತು. ನವೆಂಬರ್‌ನಲ್ಲಿ ಢಾಕಾದಲ್ಲಿ ಭಾರತ 0-1ರಿಂದ ಸೋತಿತು. ಆ ಗೋಲು ಹೊಡೆದವನು ಹಮ್ಜಾ ಅಲ್ಲ, ಅಲ್ಲೇ ಬೆಳೆದ ಶೇಖ್ ಮೊರ್ಸಲಿನ್. ಈ ಸಣ್ಣ ವಿವರವನ್ನು ನಮ್ಮ ಚರ್ಚೆಗಳು ಮರೆತುಬಿಡುತ್ತವೆ. ಹೊರಗಿನಿಂದ ಬಂದವನು ತಂಡದ ಮಟ್ಟ ಎತ್ತಿದ; ಗೆಲುವಿಗೆ ಮನೆಯ ಹುಡುಗನ ಕಾಲೂ ಬೇಕಾಯಿತು.

ಅದೇ ನವೆಂಬರ್ 18ರಂದು ಭೂಮಿಯ ಇನ್ನೊಂದು ಮಗ್ಗುಲಲ್ಲಿ ಜಮೈಕಾ ವಿರುದ್ಧ 0-0 ಡ್ರಾ ಮಾಡಿಕೊಂಡ ಕ್ಯುರಸಾವ್ 2026ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಒಂದೂವರೆ ಲಕ್ಷದ ಆಸುಪಾಸಿನ ಜನಸಂಖ್ಯೆಯ ದ್ವೀಪ. ಕಲಬುರಗಿ ನಗರದ ಕೆಲವು ಬಡಾವಣೆಗಳನ್ನು ಕೂಡಿದರೆ ಅದಕ್ಕಿಂತ ಹೆಚ್ಚು ಜನ ಆದಾರು. ತಂಡದ ಹೆಚ್ಚಿನವರು ಹುಟ್ಟಿದ್ದು ನೆದರ್‌ಲೆಂಡ್ಸ್‌ನಲ್ಲಿ. ಐದು ಲಕ್ಷ ಜನರ ಕೇಪ್ ವರ್ಡ್ ಕೂಡ ಹೊರನಾಡಿನ ಮಕ್ಕಳನ್ನು ಕೂಡಿಸಿಕೊಂಡೇ ಅಲ್ಲಿಗೆ ತಲುಪಿತು. ಡಬ್ಲಿನ್‌ನಲ್ಲಿ ಹುಟ್ಟಿದ ರಾಬರ್ಟೊ ಲೋಪೆಸ್‌ಗೆ ಕರೆ ಹೋದದ್ದು ನೌಕರಿ ಹುಡುಕುವವರ ಜಾಲತಾಣ ಲಿಂಕ್ಡ್‌ಇನ್ ಮೂಲಕ. 2022ರ ವಿಶ್ವಕಪ್‌ನಲ್ಲಿ ಸೆಮಿಫೈನಲ್ ತಲುಪಿದ ಮೊರಾಕ್ಕೊ ತಂಡದ 26 ಮಂದಿಯಲ್ಲಿ 14 ಮಂದಿ ಬೇರೆ ದೇಶಗಳಲ್ಲಿ ಹುಟ್ಟಿದವರು.

ಈ ದಾರಿಯಲ್ಲಿ ಅಡ್ಡದಾರಿಗಳೂ ಇವೆ. 2025ರ ಜೂನ್‌ನಲ್ಲಿ ಮಲೇಷ್ಯಾ ವಿಯೆಟ್ನಾಂ ತಂಡವನ್ನು 4-0ರಿಂದ ಮಣಿಸಿತು. ಸೆಪ್ಟೆಂಬರ್‌ನಲ್ಲಿ ಫಿಫಾ ಮಲೇಷ್ಯಾದ ಏಳು ಆಟಗಾರರ ಮೇಲೆ ನಿಷೇಧ ಹೇರಿತು. ಅವರ ಅಜ್ಜ-ಅಜ್ಜಿಯರು ಮಲೇಷ್ಯಾದಲ್ಲಿ ಹುಟ್ಟಿದರೆಂದು ತೋರಿಸಿದ ದಾಖಲೆಗಳು ತಿದ್ದಿದವು ಎಂಬುದು ಆರೋಪ. ಅಜ್ಜನನ್ನೇ ಕಾಗದದಲ್ಲಿ ಹುಟ್ಟಿಸುವ ಕಲೆ ನಮ್ಮ ಪ್ರಮಾಣಪತ್ರದ ದಲ್ಲಾಳಿಗಳಿಗೆ ಮಾತ್ರ ಗೊತ್ತು ಎಂದುಕೊಂಡವರಿಗೆ ಇದು ಸುದ್ದಿ.

ಮಿಶ್ರ ಬೇರಿನ ಪ್ರತಿಭೆ ಎಂದೊಡನೆ ಈಗ ಜಗತ್ತಿಗೆ ನೆನಪಾಗುವುದು ಎರಡು ಹೆಸರು: ಜಮಾಲ್ ಮುಸಿಯಾಲ ಮತ್ತು ಲಾಮಿನ್ ಯಮಾಲ್. ಮುಸಿಯಾಲ 2003ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಹುಟ್ಟಿದವನು. ತಂದೆ ನೈಜೀರಿಯಾ ಮೂಲದ ಬ್ರಿಟಿಷ್, ತಾಯಿ ಪೋಲೆಂಡ್ ಬೇರಿನ ಜರ್ಮನ್. ಏಳನೇ ವಯಸ್ಸಿಗೆ ಇಂಗ್ಲೆಂಡಿಗೆ ಹೋಗಿ ಚೆಲ್ಸಿಯ ಅಕಾಡೆಮಿಯಲ್ಲಿ ಕಲಿತ. 2019ರಲ್ಲಿ ಬಯರ್ನ್‌ಗೆ ಬಂದ. ಎರಡೂ ದೇಶದ ಕಿರಿಯರ ತಂಡಗಳಿಗೆ ಆಡಿ, 18 ತುಂಬುವ ಹೊತ್ತಿಗೆ ಜರ್ಮನಿಯನ್ನು ಆರಿಸಿಕೊಂಡ. ಮೂರು ದೇಶಗಳು ಅವನನ್ನು ತಮ್ಮವನೆನ್ನಬಹುದಿತ್ತು; ನೈಜೀರಿಯಾಕ್ಕೆ ಸಿಕ್ಕಿದ್ದು ಹೆಮ್ಮೆಯ ಸುದ್ದಿ ಮಾತ್ರ.

ಯಮಾಲ್‌ನ ಕತೆ ಇನ್ನೂ ಹತ್ತಿರದ್ದು. 2007ರಲ್ಲಿ ಬಾರ್ಸಿಲೋನಾ ಪಕ್ಕದಲ್ಲಿ ಹುಟ್ಟಿದ. ತಂದೆ ಮೊರಾಕ್ಕೊದವರು, ತಾಯಿ ಈಕ್ವಟೋರಿಯಲ್ ಗಿನಿಯವರು. ಬೆಳೆದದ್ದು ಮಟಾರೋ ಊರಿನ ರೊಕಾಫೊಂಡಾ ಎಂಬ ದುಡಿಯುವವರ, ವಲಸಿಗರ ಬಡಾವಣೆಯಲ್ಲಿ. ಗೋಲು ಹೊಡೆದಾಗ ಬೆರಳುಗಳಲ್ಲಿ ಅವನು ತೋರಿಸುವ 304 ಎಂಬುದು ಆ ಬಡಾವಣೆಯ ಪಿನ್‌ಕೋಡಿನ ಕೊನೆಯ ಮೂರಂಕಿ. ಏಳನೇ ವಯಸ್ಸಿಗೆ ಬಾರ್ಸಿಲೋನಾದ ಲಾ ಮಸಿಯಾ ಅಕಾಡೆಮಿ ಸೇರಿದ. 2023ರ ಏಪ್ರಿಲ್‌ನಲ್ಲಿ 15ರ ಹರೆಯದಲ್ಲೇ ಮೊದಲ ತಂಡಕ್ಕೆ ಆಡಿದ. ಸೆಪ್ಟೆಂಬರ್‌ನಲ್ಲಿ ಸ್ಪೇನ್ ಪರ ಜಾರ್ಜಿಯಾ ವಿರುದ್ಧ ಇಳಿದು ಗೋಲೂ ಹೊಡೆದ. 2024ರ ಯುರೋ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ದೂರದಿಂದ ಬಾಗಿಸಿ ಹೊಡೆದ ಗೋಲನ್ನು ನೋಡದ ಫುಟ್‌ಬಾಲ್ ಪ್ರೇಮಿ ಇರಲಾರ. ಫೈನಲ್ ನಡೆದದ್ದು ಅವನಿಗೆ 17 ತುಂಬಿದ ಮರುದಿನ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸ್ಪೇನ್ ಯಮಾಲ್‌ನನ್ನು ಹೊರಗಿನಿಂದ ಕರೆತರಲಿಲ್ಲ. ಅವನ ಹೆತ್ತವರು ದುಡಿಮೆಗೆ ಬಂದರು. ಮಗು ಅಲ್ಲೇ ಹುಟ್ಟಿತು. ಬಡಾವಣೆಯಲ್ಲಿ ಆಡಲು ಜಾಗವಿತ್ತು. ಹತ್ತಿರದಲ್ಲಿ ಚಿಕ್ಕ ಕ್ಲಬ್ಬಿತ್ತು. ಚಿಕ್ಕ ಕ್ಲಬ್ಬನ್ನು ನೋಡುವ ದೊಡ್ಡ ಕ್ಲಬ್ಬಿನ ಕಣ್ಣಿತ್ತು. ಬೇರು ಮೂರು ದೇಶಕ್ಕೆ ಸೇರಿರಬಹುದು, ಆಟ ಮಾತ್ರ ಪೂರ್ತಿ ಮಟಾರೋದ್ದು.

ನಮ್ಮಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಪಾಸ್‌ಪೋರ್ಟ್ ಬದಲಿಸಿದವನಲ್ಲ, ಕೋಲ್ಕತ್ತದಲ್ಲೇ ಹುಟ್ಟಿ ಬೆಳೆದ ಕಿಯಾನ್ ನಾಸ್ಸಿರಿ. ಅವನ ತಂದೆ ಜಮ್ಶಿದ್ ನಾಸ್ಸಿರಿ ಇರಾನಿನವರು. ಓದಲೆಂದು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯಕ್ಕೆ ಬಂದು, ಗೆಳೆಯ ಮಜೀದ್ ಬಿಸ್ಕರ್ ಜೊತೆ 1980ರಲ್ಲಿ ಈಸ್ಟ್ ಬೆಂಗಾಲ್ ಸೇರಿ, ಆ ದಶಕದ ಕೋಲ್ಕತ್ತದ ಮೈದಾನವನ್ನು ಆಳಿದವರು. ಮಜೀದ್ ಊರಿಗೆ ಮರಳಿದ; ಜಮ್ಶಿದ್ ಇಲ್ಲಿಯೇ ಉಳಿದು ಸಂಸಾರ ಹೂಡಿದರು. 2000ದ ನವೆಂಬರ್‌ನಲ್ಲಿ ಹುಟ್ಟಿದ ಮಗ ಕಿಯಾನ್ ಸೇರಿದ್ದು ತಂದೆಯ ಕ್ಲಬ್ಬಿನ ಬದ್ಧ ಎದುರಾಳಿ ಮೋಹನ್ ಬಾಗಾನ್ ಅನ್ನು.

2022ರ ಜನವರಿ 29. ಕೊರೊನಾ ಕಾಲವಾದ್ದರಿಂದ ಈ ಎರಡು ಕ್ಲಬ್ಬುಗಳ ಹಣಾಹಣಿಯಾದ ಡರ್ಬಿ ನಡೆದದ್ದು ಗೋವಾದ ಮಡಗಾವಿನ ಫತೋರ್ಡಾ ಕ್ರೀಡಾಂಗಣದಲ್ಲಿ, ಖಾಲಿ ಗ್ಯಾಲರಿಗಳ ನಡುವೆ. ಈಸ್ಟ್ ಬೆಂಗಾಲ್ ಒಂದು ಗೋಲು ಮುಂದಿತ್ತು. 61ನೇ ನಿಮಿಷದಲ್ಲಿ ಬದಲಿ ಆಟಗಾರನಾಗಿ ಇಳಿದ 21ರ ಕಿಯಾನ್ ಮೂರು ನಿಮಿಷದಲ್ಲಿ ಸಮ ಮಾಡಿದ. ಪಂದ್ಯ ಮುಗಿಯುವ ಹೊತ್ತಿನ ಹೆಚ್ಚುವರಿ ನಿಮಿಷಗಳಲ್ಲಿ ಇನ್ನೆರಡು ಹೊಡೆದ. 3-1. ಡರ್ಬಿಯಲ್ಲಿ ಹ್ಯಾಟ್ರಿಕ್ ಎಂದರೆ 1997ರಲ್ಲಿ ಸಾಲ್ಟ್ ಲೇಕ್‌ನ ಲಕ್ಷ ದಾಟಿದ ಜನಸಾಗರದೆದುರು ಬೈಚುಂಗ್ ಭುಟಿಯಾ ಹೊಡೆದದ್ದು, 2009ರಲ್ಲಿ ನೈಜೀರಿಯಾದ ಎಡೆ ಚಿಡಿ ಹೊಡೆದದ್ದು. ಆ ಸಾಲಿಗೆ ಇರಾನಿ ಅಪ್ಪನ ಭಾರತೀಯ ಮಗ ಸೇರಿದ. ಆಮೇಲಿನ ವರ್ಷಗಳಲ್ಲಿ ಅವನ ಏರು ಅಷ್ಟು ಕಡಿದಾಗಿ ಸಾಗಲಿಲ್ಲ, ಚೆನ್ನೈಯಿನ್ ಎಫ್‌ಸಿಗೂ ಹೋದ. ಒಂದು ಸಂಜೆಯ ಆಟದಿಂದ ಯಾರೂ ಯಮಾಲ್ ಆಗುವುದಿಲ್ಲ. ಆದರೂ ಕಿಯಾನ್‌ನಂಥವರಿಗಾಗಿ ಯಾವ ಸಚಿವಾಲಯದ ನೀತಿಯೂ ಬದಲಾಗಬೇಕಿಲ್ಲ: 1987ರ ಜುಲೈನಿಂದ 2004ರ ಡಿಸೆಂಬರ್‌ವರೆಗೆ ಇಲ್ಲಿ ಹುಟ್ಟಿದವರಿಗೆ ಹೆತ್ತವರಲ್ಲಿ ಒಬ್ಬರು ಭಾರತೀಯರಾಗಿದ್ದರೂ ಸಾಕು, ಪೌರತ್ವ ಹುಟ್ಟಿನಿಂದಲೇ ಬರುತ್ತದೆ.

ಕೊಲ್ಲಿಯ ಕಡೆಯಿಂದ ಬಂದ ಇನ್ನೆರಡು ಉದಾಹರಣೆಗಳು ಕಲಬುರಗಿ, ಬೀದರ್ ಕಡೆಯ ಓದುಗರಿಗೆ ಹೆಚ್ಚು ತಟ್ಟಬೇಕು, ಏಕೆಂದರೆ ಇಲ್ಲಿಂದಲೂ ದುಬೈ, ದೋಹಾ, ರಿಯಾದ್‌ಗೆ ದುಡಿಯಲು ಹೋದ ಕುಟುಂಬಗಳಿವೆ. ಕಣ್ಣೂರು ಮೂಲದ ಸಹಲ್ ಅಬ್ದುಲ್ ಸಮದ್ 1997ರಲ್ಲಿ ಹುಟ್ಟಿದ್ದು ಯುಎಇಯ ಅಲ್ ಐನ್‌ನಲ್ಲಿ. ಚೆಂಡು ಕಲಿತದ್ದು ಅಬುಧಾಬಿಯಲ್ಲಿ. ಓದಿಗೆಂದು ಕೇರಳಕ್ಕೆ ಬಂದು ಭಾರತದ ತಂಡದ ಮಿಡ್‌ಫೀಲ್ಡರ್ ಆದ. ಅಲ್ಲಿ ಹುಟ್ಟಿದರೂ ಪಾಸ್‌ಪೋರ್ಟ್ ಭಾರತದ್ದೇ. ಅದೇ ಕಣ್ಣೂರಿನ ದಂಪತಿಯ ಮಗ ತಹ್ಸಿನ್ ಮೊಹಮ್ಮದ್ ಕತಾರ್‌ನಲ್ಲಿ ಹುಟ್ಟಿ, ದೋಹಾದ ಆಸ್ಪೈರ್ ಅಕಾಡೆಮಿಯಲ್ಲಿ ಪಳಗಿ, ಅಲ್ ದುಹೈಲ್ ಕ್ಲಬ್ ಸೇರಿ, 17ರಲ್ಲೇ, 2024ರ ಜೂನ್‌ನಲ್ಲಿ ಅಫ್ಘಾನಿಸ್ತಾನದ ವಿರುದ್ಧ ಕತಾರ್‌ಗೆ ಆಡಿದ. ಅದರ ಮುಂದಿನ ಪಂದ್ಯ ಭಾರತದ ವಿರುದ್ಧವೇ ಇತ್ತು. ಗೆರೆ ದಾಟಿದ ಚೆಂಡನ್ನು ಒಳಗೆಳೆದು ಹೊಡೆದ ವಿವಾದಿತ ಗೋಲಿನಿಂದ ಭಾರತ 1-2ರಲ್ಲಿ ಸೋತು ವಿಶ್ವಕಪ್ ಅರ್ಹತಾ ಸುತ್ತಿನಿಂದ ಹೊರಬಿದ್ದ ಪಂದ್ಯ. ಒಂದೇ ಜಿಲ್ಲೆಯ ಇಬ್ಬರು ಹುಡುಗರು, ಎರಡು ದೇಶ. ಇಬ್ಬರಿಗೂ ಎಳವೆಯಲ್ಲಿ ಅಕಾಡೆಮಿಯ ತರಬೇತಿ ಸಿಕ್ಕಿತ್ತು ಎಂಬುದಷ್ಟೇ ಸಮಾನ ಅಂಶ.

ಹೊರಗಿನವನು, ಒಳಗಿನವನು ಎಂಬ ಜಗಳ ಕಲಬುರಗಿಗೆ ಹೊಸದಲ್ಲ. 1347ರಲ್ಲಿ ಇಲ್ಲಿ ರಾಜಧಾನಿ ಮಾಡಿಕೊಂಡ ಬಹಮನಿಗಳ ಆಸ್ಥಾನ ಮುಂದೆ ಎರಡು ಬಣವಾಯಿತು: ಇರಾನ್, ಮಧ್ಯ ಏಷ್ಯಾಗಳಿಂದ ಬಂದ ಆಫಾಕಿಗಳು ಒಂದು ಕಡೆ, ಈ ನೆಲದಲ್ಲೇ ನೆಲೆಯೂರಿದ ದಖನಿಗಳು ಇನ್ನೊಂದು ಕಡೆ, ಆಫ್ರಿಕಾದಿಂದ ಬಂದ ಹಬಶಿಗಳು ಹೆಚ್ಚಾಗಿ ದಖನಿಗಳ ಜೊತೆ ನಿಂತರು. ಗೀಲಾನಿನಿಂದ ಬಂದು ಬೀದರಿನಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನನನ್ನು 1481ರಲ್ಲಿ ಬಲಿ ತೆಗೆದುಕೊಂಡದ್ದು ಇದೇ ಜಗಳ, ಅದೂ ಒಂದು ಕೂಟಲೇಖದ ನೆಪದಲ್ಲಿ. ನಿಜಾಮರ ಕಾಲಕ್ಕೆ ಬಂದರೆ, ಅವರ ಸೈನ್ಯಕ್ಕೆಂದು ಯೆಮೆನ್‌ನಿಂದ ಬಂದವರ ಮಕ್ಕಳು ಮೊಮ್ಮಕ್ಕಳು ನೆಲೆಸಿದ ಹೈದರಾಬಾದಿನ ಬಾರ್ಕಸ್ ಬಡಾವಣೆ ಇಂದಿಗೂ ಫುಟ್‌ಬಾಲ್ ಹುಚ್ಚಿಗೆ ಹೆಸರಾದದ್ದು. ಇತ್ತ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಆಫ್ರಿಕಾ ಮೂಲದ ಸಿದ್ದಿಗಳಿಗಾಗಿ ಭಾರತೀಯ ಕ್ರೀಡಾ ಪ್ರಾಧಿಕಾರ 1980ರ ದಶಕದ ಕೊನೆಯಲ್ಲಿ ವಿಶೇಷ ತರಬೇತಿ ಶುರುಮಾಡಿ, ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಮಿಶ್ರ ಬೇರಿನ ಪ್ರತಿಭೆ ನಮ್ಮಲ್ಲಿ ಎಂದೂ ಕಡಿಮೆಯಿರಲಿಲ್ಲ. ಅದನ್ನು ಹತ್ತು ವರ್ಷ ಬಿಡದೆ ಬೆಳೆಸುವ ತಾಳ್ಮೆ ಕಡಿಮೆಯಿತ್ತು.

ತಾಳ್ಮೆ ಇದ್ದಾಗ ಏನಾಗುತ್ತಿತ್ತು ಎಂಬುದಕ್ಕೂ ಸಾಕ್ಷಿ ಹತ್ತಿರದಲ್ಲೇ ಇದೆ. 1956ರ ನವೆಂಬರ್ 1ರವರೆಗೆ ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಕಾಲದ ಭಾರತೀಯ ಫುಟ್‌ಬಾಲಿನ ರಾಜಧಾನಿಯೇ ಹೈದರಾಬಾದ್. ಸೈಯದ್ ಅಬ್ದುಲ್ ರಹೀಂ ಎಂಬ ಶಾಲಾ ಮೇಷ್ಟ್ರು ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ತಿದ್ದಿ, 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆಲ್ಲಿಸಿದರು. ಅವರ ತರಬೇತಿಯ ಭಾರತ ತಂಡ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ನಾಲ್ಕನೇ ಸ್ಥಾನ ಪಡೆಯಿತು. ಆಸ್ಟ್ರೇಲಿಯಾದ ಆಟಗಾರನನ್ನು ಭಾರತೀಯನನ್ನಾಗಿ ಮಾಡಿಕೊಂಡು ಸಂಭ್ರಮಿಸುವ ಇಂದಿನವರು ಆ ಅಂಕಿಯನ್ನೊಮ್ಮೆ ನೆನೆಯಬಹುದು. ಕಲಬುರಗಿ ಮೈಸೂರು ರಾಜ್ಯಕ್ಕೆ ಬಂದಾಗ ಹೈದರಾಬಾದಿನ ಆ ಪರಂಪರೆ ಗಡಿಯ ಆಚೆ ಉಳಿಯಿತು. ಬೆಂಗಳೂರಿನ ಪರಂಪರೆ ಈಚೆಗೆ ಬರಲಿಲ್ಲ.

ಬೆಂಗಳೂರಿಗೇನು ಕಡಿಮೆಯಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಎಸ್. ರಾಮನ್, ಈಸ್ಟ್ ಬೆಂಗಾಲ್‌ನ ‘ಪಂಚಪಾಂಡವ’ರಲ್ಲಿ ಒಬ್ಬರಾದ ಅಹ್ಮದ್ ಖಾನ್, 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದ ಅರುಮೈನಾಯಗಂ, ತೊಂಬತ್ತರ ದಶಕದ ಕಾರ್ಲ್‌ಟನ್ ಚಾಪ್‌ಮನ್, ಎಲ್ಲರೂ ಈ ನಗರದವರು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ದಂಡು ಪ್ರದೇಶದ ಈ ಓಣಿಗಳಲ್ಲಿ ತಮಿಳು, ಉರ್ದು, ಇಂಗ್ಲಿಷ್, ಕನ್ನಡ ಬೆರೆತ ಹಾಗೆ ಆಟವೂ ಬೆರೆಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಾಗ ಗೋಲು ಹೊಡೆದವರು ಸುನಿಲ್ ಕುಮಾರ್, ಬೆಕೆ ಓರಮ್, ರಾಬಿನ್ ಯಾದವ್. ಮೂರು ಹೆಸರೇ ಸಾಕು, ರಾಜ್ಯದ ತಂಡವೂ ವಲಸೆಯ ತಂಡವೇ ಎಂದು ತಿಳಿಯಲು. ಕಲ್ಯಾಣ ಕರ್ನಾಟಕದ ಹೆಸರು ಮಾತ್ರ ಈ ಪಟ್ಟಿಗಳಲ್ಲಿ ಹುಡುಕಿದರೂ ಸುಲಭಕ್ಕೆ ಸಿಗದು.

ಕಾರಣ ಗುಟ್ಟಿನದಲ್ಲ. ಕಲಬುರಗಿ ನಗರದಲ್ಲಿ ಚಂದ್ರಶೇಖರ ಪಾಟೀಲ ಕ್ರೀಡಾಂಗಣವಿದೆ, ಎನ್.ವಿ. ಮೈದಾನವಿದೆ, ಸಂಜೆಗೆ ಅಲ್ಲಿ ಕ್ರಿಕೆಟ್ಟಿನದೇ ದರ್ಬಾರು. ಜಿಲ್ಲೆಯ ಬಹುಭಾಗ ಕರಿಮಣ್ಣು: ಮಳೆಗಾಲದಲ್ಲಿ ಕಾಲಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಹಿಮ್ಮಡಿ ಸಿಕ್ಕುವಷ್ಟು ಬಿರಿಯುತ್ತದೆ. ಮುರುಮು ಹಾಕಿ ಹದ ಮಾಡದೆ ಅಲ್ಲಿ ಚೆಂಡು ಉರುಳದು. ಬಿಸಿಲು 40 ಡಿಗ್ರಿ ದಾಟುವ ತಿಂಗಳುಗಳಲ್ಲಿ ಬೆಳಗಿನ ಎರಡು ತಾಸು ಬಿಟ್ಟರೆ ಆಟವೇ ಇಲ್ಲ. ಕಮಲಾಪುರ ಈಚೆಗೆ ತಾಲ್ಲೂಕು ಕೇಂದ್ರವಾದ ಊರು. ಬೀದರ್ ಕಡೆಯ ಹೆದ್ದಾರಿಯಲ್ಲಿದೆ, ಭೌಗೋಳಿಕ ಗುರುತು ಪಡೆದ ಕೆಂಪು ಬಾಳೆಗೆ ಹೆಸರಾಗಿದೆ. ಇಂಥ ಊರುಗಳ ಶಾಲಾ ಕ್ರೀಡಾಕೂಟವೆಂದರೆ ಕಬಡ್ಡಿ, ಖೋ ಖೋ, ವಾಲಿಬಾಲ್, ಥ್ರೋಬಾಲ್. ಅವು ಒಳ್ಳೆಯ ಆಟಗಳೇ. ಆದರೆ ಫುಟ್‌ಬಾಲನ್ನು 8-9ರ ವಯಸ್ಸಿಗೆ ಕಾಲಿಗೆ ಹಚ್ಚಿಕೊಳ್ಳದವನು 15ಕ್ಕೆ ಶುರುಮಾಡಿದರೆ ತಡವಾಯಿತು. ಯಮಾಲ್ ಆ ವಯಸ್ಸಿಗೆ ವೃತ್ತಿಪರನಾಗಿದ್ದ.

ಹಾಗಾದರೆ ರಯಾನ್‌ನಂಥವರು ಬರುವುದೇ ಬೇಡವೇ? ಬರಲಿ. ಕ್ರೀಡಾಪಟುಗಳಿಗೆ ಪೌರತ್ವದ ದಾರಿ ಇನ್ನಷ್ಟು ಹಸನಾಗಲಿ. ತಂಡಕ್ಕೆ ಅವರಿಂದ ಲಾಭವಿದೆ. ಎದುರಾಳಿಯ ವೇಗ ಎಷ್ಟಿರುತ್ತದೆಂದು ದಿನದ ಅಭ್ಯಾಸದಲ್ಲೇ ನಮ್ಮ ಹುಡುಗರಿಗೆ ತಿಳಿಯುತ್ತದೆ. ಆದರೆ ಅದೇ ಮದ್ದು ಎಂದು ನಂಬುವುದು ತಪ್ಪು. 2025ರಲ್ಲಿ ಪುರುಷರ ತಂಡ ಅಕ್ಟೋಬರ್ 14ರಂದು ಮಡಗಾವಿನಲ್ಲಿ ಸಿಂಗಪುರಕ್ಕೆ 1-2ರಿಂದ ಸೋತು ಏಷ್ಯಾ ಕಪ್‌ಗೆ ಅರ್ಹತೆ ಪಡೆಯುವ ಅವಕಾಶ ಕಳೆದುಕೊಂಡಿತು. ಅದೇ ವರ್ಷ ಜುಲೈ 5ರಂದು ಮಹಿಳೆಯರ ತಂಡ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಆತಿಥೇಯರನ್ನೇ 2-1ರಿಂದ ಸೋಲಿಸಿ ಮಹಿಳಾ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಆ ತಂಡಕ್ಕಾಗಿ ಯಾರೂ ಅಜ್ಜ-ಅಜ್ಜಿಯ ಜನ್ಮದಾಖಲೆ ಹುಡುಕಲಿಲ್ಲ. ಪತ್ರಿಕೆಗಳು ಈ ಎರಡು ಸುದ್ದಿಗಳಿಗೆ ಕೊಟ್ಟ ಜಾಗವನ್ನು ಅಳತೆ ಮಾಡಿ ನೋಡಿದರೆ ನಮ್ಮ ಗಮನ ಎಲ್ಲಿದೆ ಎಂಬುದು ಗೊತ್ತಾಗುತ್ತದೆ.

ಕಲಬುರಗಿಯಲ್ಲೇ ಕಚೇರಿಯಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಸರ್ಕಾರ ವರ್ಷಕ್ಕೆ 5,000 ಕೋಟಿ ರೂಪಾಯಿಯ ಲೆಕ್ಕದಲ್ಲಿ ಅನುದಾನ ಘೋಷಿಸಿದೆ. ಮಕ್ಕಳ ಫುಟ್‌ಬಾಲಿಗೆ ದೊಡ್ಡ ಕ್ರೀಡಾಂಗಣ ಬೇಕಿಲ್ಲ. ಐದೈದು ಮಂದಿಯ ಆಟಕ್ಕೆ ಮುರುಮು ಹಾಸಿದ ಒಂದು ಅಂಗಳ, ಎರಡು ಜೊತೆ ಗೋಲುಕಂಬ, ನಾಲ್ಕನೇ ಅಳತೆಯ ಒಂದು ಡಜನ್ ಚೆಂಡು, ತರಬೇತಿಯ ಮೊದಲ ಹಂತದ ಪ್ರಮಾಣಪತ್ರ ಪಡೆದ ಒಬ್ಬ ಪಿ.ಟಿ. ಮಾಸ್ತರು ಸಾಕು. ಭಾರತೀಯ ಫುಟ್‌ಬಾಲ್ ಫೆಡರೇಷನ್ 2018ರಲ್ಲಿ ಶುರುಮಾಡಿದ ಗೋಲ್ಡನ್ ಬೇಬಿ ಲೀಗ್‌ನ ಮಾದರಿ ಸಿದ್ಧವಾಗಿಯೇ ಇದೆ; 12 ವರ್ಷದೊಳಗಿನ ಗಂಡು ಹೆಣ್ಣು ಮಕ್ಕಳು ಕೂಡಿ ಆಡಬಹುದಾದದ್ದು. ಮಂಡಳಿಯ ಮುಂದಿನ ಕ್ರಿಯಾಯೋಜನೆಯಲ್ಲಿ ಕಮಲಾಪುರವೂ ಸೇರಿ ಜಿಲ್ಲೆಯ ಪ್ರತಿ ತಾಲ್ಲೂಕಿಗೆ ಇಂಥದೊಂದು ಅಂಗಳ ಸೇರಿಸಿ ಎಂದು ಶಾಸಕರನ್ನು, ಜಿಲ್ಲಾಧಿಕಾರಿಯನ್ನು ಕೇಳುವ ಕೆಲಸ ಊರಿನ ಎಸ್‌ಡಿಎಂಸಿಗಳದ್ದು ಮತ್ತು ಹೆತ್ತವರದ್ದು. ಆ ಅರ್ಜಿಗೆ ಯಾವ ಪ್ರಮಾಣಪತ್ರವನ್ನೂ ಲಗತ್ತಿಸಬೇಕಿಲ್ಲ.